ಗೋಡೆ ತುಂಬ ಅವಳ ಕವಿತೆ, ಹೊಟ್ಟೆ ತುಂಬ ನನ್ನ ಕಿಚ್ಚು

ಹೊಟ್ಟೆಕಿಚ್ಚು ಪಡೋದು ನಾನು, ನಗೆಪಾಟಲಾಗೋದೂ ನಾನೇ. ನಾವಿರೋ ಷಾರ್ಲಟ್ ಊರಿನ ಪಬ್ಲಿಕ್ ಗ್ಯಾಲರಿಯೊಂದರಲ್ಲಿ ವೀಕೆಂಡ್ ವಾಲಂಟಿಯರ್ ಆದ ಮೇಲಂತೂ ಇದು ಜಾಸ್ತಿಯೇ ಆಯ್ತು.

ಕಣ್ಣೀರು

ಆಫ್ರಿಕಾದ ಈಗಿನ ಕಲಾವಿದರ ಪ್ರದರ್ಶನ ಬಂದಿತ್ತು. ಚಿತ್ರ, ಶಿಲ್ಪ, ನೇಯ್ಗೆ ಎಲ್ಲ ಸಹಿಸಿಕೊಂಡೆ. ಆದರೆ ಘಾನಾದ ಕವಯಿತ್ರಿಯೊಬ್ಬಳ ಕವಿತೆಯನ್ನು ಇಡೀ ಗೋಡೆ ತುಂಬ ಬರೆಸಿದ್ದರು. ನಾನೂ ಕವಿತೆ ಬರೀತೀನಿ. ಕನ್ನಡ ಸಂಘದ ಯುಗಾದಿಗೆ ಓದೋಕೆ ನಿಂತರೆ, "ಮೇಡಂ, ಊಟದ ಲೈನ್ ಶುರುವಾಯ್ತು, ಬೇಗ ಮುಗಿಸಿ" ಅಂತಾರೆ. ಇಲ್ಲಿ ಜನ ಉಸಿರು ಬಿಗಿಹಿಡಿದು ನಿಂತಿದ್ದರು!

ಒಬ್ಬ ಹೆಂಗಸು ಗೋಡೆ ನೋಡುತ್ತಾ ಕಣ್ಣೊರೆಸಿಕೊಂಡಳು. ತಡೆಯೋಕಾಗಲಿಲ್ಲ. "ಅಷ್ಟೊಂದು ಮನಸ್ಸಿಗೆ ತಟ್ಟಿತಾ?" ಅಂದೆ.

"ಪೊಲೆನ್ ಅಲರ್ಜಿ," ಅಂದಳು. "ಕನ್ನಡಕ ಬೇರೆ ಕಾರಲ್ಲೇ ಬಿಟ್ಟಿದ್ದೀನಿ. ಏನು ಬರೆದಿದ್ದಾರೆ ಅದು?"

ಖುಷಿಗೆ ನನ್ನ ಟಿಶ್ಯೂ ಪ್ಯಾಕೆಟ್ಟನ್ನೇ ಅವಳಿಗೆ ಕೊಟ್ಟುಬಿಟ್ಟೆ. ಕವಿತೆ ಮಾತ್ರ ಓದಿ ಹೇಳಲಿಲ್ಲ.

ನಮ್ಮೆಜಮಾನರು

ಇದೇ ಊರಿನ ಬ್ಯಾಲಂಟೈನ್ ಏರಿಯಾದಲ್ಲಿ ಕೆಲಸ ಮಾಡೋ ನಮ್ಮೆಜಮಾನರು ನನ್ನ ಕವಿತೆಯ ಎರಡನೇ ಸಾಲಿಗೇ ಆಕಳಿಸುವವರು. ಅವತ್ತು ನನ್ನನ್ನು ಪಿಕಪ್ ಮಾಡೋಕೆ ಬಂದವರು ಅವಳ ಗೋಡೆ ಮುಂದೆ ಕಂಬದ ಹಾಗೆ ನಿಂತುಬಿಟ್ಟರು. ಪೂರ್ತಿ ಓದಿದರು!

"ಏನ್ರೀ, ನನ್ನದು ಓದಿದರೆ ನಿದ್ದೆ, ಅವಳದ್ದಕ್ಕೆ ಇಷ್ಟು ಎಚ್ಚರಾನಾ?"

"ಏನು ಮಾಡಲಿ ಮಾರಾಯ್ತಿ," ಅಂದರು. "ಇಲ್ಲಿ ಕೂತ್ಕೊಳ್ಳೋಕೆ ಒಂದು ಕುರ್ಚಿನೂ ಇಲ್ಲ."

ಆಶೀರ್ವಾದ

ಆ ಸಿಟ್ಟಿನಲ್ಲೇ ಒಂದು ಕವಿತೆ ಬರೆದೆ: 'ನಿನ್ನ ಗೋಡೆಗೆ ಗೆದ್ದಲು ಹತ್ತಲಿ, ಬಣ್ಣ ಸುಲಿದು ಉದುರಲಿ...'

ಮುಂದಿನ ವಾರ ಕವಯಿತ್ರಿಯೇ ಓದೋಕೆ ಬಂದಳು. ನೋಡೋಕೂ ಚೆಂದ; ಅದಕ್ಕೂ ಉರಿಯಿತು. ಓದು ಮುಗಿದ ಮೇಲೆ ಗ್ಯಾಲರಿಯವರು, "ಯಾರಾದರೂ ನಿಮ್ಮ ಭಾಷೆಯ ಕವಿತೆ ಓದ್ತೀರಾ?" ಅಂದರು. ಕನ್ನಡ ಬರುವವರು ಯಾರೂ ಇರಲಿಲ್ಲ. ಎದ್ದು ನಿಂತು ಗೆದ್ದಲಿನ ಕವಿತೆಯನ್ನೇ ಆವೇಶದಿಂದ ಓದಿದೆ. ಚಪ್ಪಾಳೆಯೋ ಚಪ್ಪಾಳೆ. ಕವಯಿತ್ರಿ ಬಂದು ನನ್ನ ಕೈ ಹಿಡಿದು, "ಎಂಥಾ ಭಾವ! ಇದು ನನ್ನ ಕವಿತೆಯ ಪಕ್ಕದಲ್ಲೇ ಇರಬೇಕು" ಅಂದಳು.

ಜನ್ಮದಲ್ಲಿ ಮೊದಲ ಸಲ ನನ್ನ ಕವಿತೆಗೊಂದು ಗೋಡೆ! ಬೇಡ ಅನ್ನೋಕೆ ಬಾಯೇ ಬರಲಿಲ್ಲ. ಇಂಗ್ಲಿಷ್ ಅನುವಾದವನ್ನೂ ಕೇಳಿದರು. ಗೆದ್ದಲು ಹತ್ತಲಿ ಅನ್ನೋದನ್ನು 'ಪುಟ್ಟ ಜೀವಗಳು ಹರಿದಾಡಲಿ' ಮಾಡಿದೆ. ಬಣ್ಣ ಉದುರಲಿ ಅನ್ನೋದು 'ಬಣ್ಣಗಳ ಮಳೆಯಾಗಲಿ' ಆಯ್ತು.

ಪ್ರದರ್ಶನದ ಕೊನೇ ದಿನ ಕವಯಿತ್ರಿ ಮತ್ತೆ ಬಂದಳು. ನಾವಿಬ್ಬರೂ ಗೋಡೆ ಮುಂದೆ ನಿಂತಿದ್ದಾಗ, ದೂರದ ಕಮ್ಮಿಂಗ್ ಊರಿಂದ ಬಂದಿದ್ದ ಪರಿಚಯದ ಆಂಟಿಯೊಬ್ಬರು ಕನ್ನಡ ಕಂಡು ಹತ್ತಿರ ಬಂದರು. ಓದುತ್ತಾ ಓದುತ್ತಾ ಅವರ ಕಣ್ಣು ಅಗಲವಾಯ್ತು.

"ಅಯ್ಯೋ ಶಿವನೇ! ಯಾರಿಗಮ್ಮಾ ಹೀಗೆ ಹಿಡಿಶಾಪ ಹಾಕಿದ್ದೀಯ?" ಅಂದರು ಗಟ್ಟಿಯಾಗಿ.

"ಏನಂತೆ?" ಅಂದಳು ಕವಯಿತ್ರಿ.

"ನಿಮಗೆ... ಆಶೀರ್ವಾದ ಮಾಡಿದರು," ಅಂದೆ.

ಆ ಪುಣ್ಯಾತ್ಗಿತ್ತಿ ಎರಡೂ ಕೈ ಜೋಡಿಸಿ, ಆಂಟಿಯ ಮುಂದೆ ತಲೆಬಾಗಿ ನಿಂತು ನನಗೆ ಹೇಳಿದಳು: "ನಮ್ಮಮ್ಮನೂ ಕಾರಲ್ಲಿದ್ದಾರೆ, ಕರ್ಕೊಂಡು ಬರ್ತೀನಿ. ಅವರಿಗೂ ಹೀಗೇ ಆಶೀರ್ವಾದ ಮಾಡೋಕೆ ಈ ಆಂಟಿಗೆ ಹೇಳಿ."