ಎಲ್ಲವನ್ನೂ ಒಳಗೇ ತುರುಕುವ ಭಾವ

ನಮ್ಮ ಭಾವನಂಥ ಅನುಮಾನದ ಪ್ರಾಣಿ ಚನ್ನಗಿರಿ ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ. ನ್ಯಾಮತಿಗೆ ಮದುವೆಗೆ ಹೊರಟರೆ ಚೀಲದಲ್ಲಿ ಬಾಳೆಎಲೆ, ಲೋಟ, ಉಪ್ಪು, ತಲೆದಿಂಬು! "ಅಲ್ಲಿ ಇರ್ತಾವಲ್ಲ ಭಾವ?" ಎಂದರೆ, "ಇಲ್ದಿದ್ರೆ ನೀನು ತಂದ್ಕೊಡ್ತೀಯೇನಮ್ಮಾ?" ಎನ್ನುವರು. ಹೆಣ್ಣಿನ ಕಡೆಯವರು ಮುನಿಸಿಕೊಳ್ಳದೆ ಇರುತ್ತಾರೆಯೇ?

ಎಂಬತ್ತರ ದಶಕದ ಕೊನೆಗೆ ಈ ಮಹಾಶಯರು ಕಂಪ್ಯೂಟರ್ ಕಲಿತು, ಅಂಗಡಿಗಳಿಗೆ ಬಿಲ್ಲು ಹಾಕುವ ಪ್ರೋಗ್ರಾಂ ಬರೆದುಕೊಡತೊಡಗಿದರು. ಮೊತ್ತ ಕೂಡುವುದು, ತಾರೀಖು ಹಾಕುವುದು, ಅಚ್ಚು ಹೊಡೆಯುವುದು ಎಲ್ಲ ಪ್ರೋಗ್ರಾಮಿಗೂ ಬೇಕಾದ ಕೆಲಸ. ಉಳಿದವರು ಅವನ್ನೆಲ್ಲ ಲೈಬ್ರರಿ ಎಂದು ಬೇರೊಂದು ಫ್ಲಾಪಿಯಲ್ಲಿ ಇಡುತ್ತಿದ್ದರು. ಪ್ರೋಗ್ರಾಂ ಬೇಕಾದಾಗ ಅಲ್ಲಿಂದ ಎರವಲು ತರುತ್ತಿತ್ತು. ಭಾವ ಒಪ್ಪಿಯಾರೇ? ಇಡೀ ಲೈಬ್ರರಿಯನ್ನೇ ಪ್ರತಿ ಪ್ರೋಗ್ರಾಮಿನ ಹೊಟ್ಟೆಗೆ ತುರುಕುತ್ತಿದ್ದರು. ಅದು ಎದ್ದು ಗಂಟು ಬಿಚ್ಚುವಷ್ಟರಲ್ಲಿ ಗಿರಾಕಿ ಆಕಳಿಸುತ್ತಿದ್ದ!

ಜಗಳೂರಿನ ಗೊಬ್ಬರದಂಗಡಿಯ ಸಾಹುಕಾರರು ರೇಗಿದರು. "ಏನ್ರೀ ಇದು? ಬಟನ್ ಒತ್ತಿ ಚಾ ಕುಡಿದು ಬರಾಕೆ ಟೈಮ್ ಐತೆ!"

"ಕುಡ್ಕೊಂಡೇ ಬರ್ರಿ. ಲೈಬ್ರರಿ ಬ್ಯಾರೆ ಫ್ಲಾಪಿನಾಗೆ ಇಟ್ಟು, ಅದು ಕಳೆದ್ರೆ ಊಟಾನೂ ಬಿಟ್ಟು ಹುಡುಕ್ತೀರಿ."

ಆಮೇಲೆ ಭಾವನ ಕಾಲು ಊದಿದವು. ದಾವಣಗೆರೆಯ ಡಾಕ್ಟರು ಕಿಡ್ನಿ ಎರಡೂ ಹೋಗಿವೆ ಎಂದರು. "ದೇವರು ಎರಡು ಫ್ಲಾಪಿ ಕೊಟ್ಟಿದ್ದ, ಎರಡೂ ಕೆಟ್ಟವು ನೋಡಮ್ಮ," ಎಂದು ಭಾವ ನಕ್ಕರು. ನನಗೆ ನಗು ಬರಲಿಲ್ಲ. ಮಕ್ಕಳಿಲ್ಲದ ಮನೆ, ಅಕ್ಕನೋ, ಒಂದು ಬೆಂಕಿಪೊಟ್ಟಣಕ್ಕೂ ಗಂಡನನ್ನು ಕೂಗುವವಳು.

ಭಾವ ತುರುಕುವ ಕೆಲಸವನ್ನು ಅಕ್ಕನ ಮೇಲೆ ಶುರುಮಾಡಿದರು. ಬ್ಯಾಂಕಿನ ಚೆಕ್ಕು, ಲೂನಾ ಮೊಪೆಡ್ ಓಡಿಸುವುದು, ಗ್ಯಾಸ್ ಸಿಲಿಂಡರ್ ಬದಲಿಸುವುದು. ತಾನು ಹೋದಮೇಲೆ ಇವಳು ಯಾರ ಬಾಗಿಲಲ್ಲೂ ನಿಲ್ಲಬಾರದು. ಅದೊಂದೇ ಹಟ. ಅವಳು ಅತ್ತರೂ ಬಿಡುತ್ತಿರಲಿಲ್ಲ.

ಒಂದು ಸಂಜೆ ಫ್ಯೂಜ್ ಹೋಯಿತು. ನಾನು ಅಲ್ಲೇ ಇದ್ದೆ. ಭಾವ ಮಂಚದ ಮೇಲಿಂದಲೇ ಹೇಳಿದರು: "ನನ್ನ ಕೇಳಬ್ಯಾಡ. ನಾನಿಲ್ಲ ಅನ್ಕೊಂಡು ವೈರ್ ಕಟ್ಟು."

ಅಕ್ಕ ಸ್ಕ್ರೂಡ್ರೈವರ್ ಎಸೆದಳು. "ಎದುರಿಗೇ ಅದೀರಿ! ಇಲ್ಲ ಅಂತ ಹೆಂಗ್ರೀ ಅನ್ಕೊಳ್ಳಾಕೆ ಆಗ್ತದೆ?"

ಅಕ್ಕ ಮೂಗು ಒರೆಸಿಕೊಂಡು, ಬ್ಯಾಟರಿ ಬೆಳಕಿನಲ್ಲಿ ವೈರು ಕಟ್ಟಿ, ಮೇನ್ ಸ್ವಿಚ್ ಎತ್ತಿದಳು. ಮನೆಯೆಲ್ಲ ಬೆಳಕು! ಅಕ್ಕ ಹಿಗ್ಗಿ ತಿರುಗಿ ನೋಡಿದರೆ, ಭಾವ ಗೋಡೆಯ ಕಡೆ ಮುಖ ಮಾಡಿದ್ದರು. ಹೆಗಲು ಅಲುಗುತ್ತಿತ್ತು.

"ಆಯ್ತು ಬಿಡು," ಎಂದರು. "ಇನ್ನು ನಾನು ಬೇಕಾಗಾಕಿಲ್ಲ ನಿನಗೆ."

ಅಕ್ಕ ಮೇನ್ ಸ್ವಿಚ್ ಇಳಿಸಿ, ತಾನೇ ಕಟ್ಟಿದ ಫ್ಯೂಜನ್ನು ಕಿತ್ತು ಸೆರಗಿಗೆ ಕಟ್ಟಿಕೊಂಡಳು.

"ಸರಿ ಬರಲಿಲ್ಲರೀ," ಎಂದಳು. "ನಾಳೆ ಇನ್ನೊಂದ್ಸಲ ಹೇಳಿಕೊಡ್ರಿ."

ಕತ್ತಲಲ್ಲಿ ಮಂಚ ಕಿರುಗುಟ್ಟಿತು. ಭಾವನ ದನಿ: "ದಡ್ಡಿ! ನಾಳೆ ಎದ್ದು ಕೂರ್ತೀನಿ ತಡಿ, ಸರಿಯಾಗಿ ಕಲಿಸ್ತೀನಿ."

ಎಷ್ಟೋ ದಿನದ ಮೇಲೆ ಅವರ ಬಾಯಲ್ಲಿ ನಾಳೆ ಎಂಬ ಮಾತು ಕೇಳಿದೆ.