ಬಿಸ್ಕತ್ತಿನ ಡಬ್ಬದಲ್ಲಿ ಮಾವನವರ ತಿಥಿ

ಕಾಫಿ ಬೀಜ ಹುರಿಯುವ ಹೊತ್ತಿನಲ್ಲಿ ಮನೆಗೆ ಯಾರೂ ಸುದ್ದಿ ತರಬಾರದೆಂದು ಒಂದು ಶಾಸ್ತ್ರ ಇರಬೇಕಿತ್ತು. ಹಾಲು ಉಕ್ಕಿದರೆ ಒರೆಸಬಹುದು, ಅನ್ನ ಸೀದರೆ ಮೇಲಿನದನ್ನಾದರೂ ಬಡಿಸಬಹುದು. ಕಾಫಿ ಬೀಜ ಹಾಗಲ್ಲ. ತಲೆಯೆತ್ತಿ ‘ಹೌದಾ’ ಅನ್ನುವಷ್ಟರಲ್ಲಿ ಇದ್ದಿಲಾಗಿರುತ್ತದೆ. ಅಂದು ನಾನು ಬಾಣಲೆಯ ಮುಂದೆ ಕುಳಿತು ಕೈಯಾಡಿಸುತ್ತಿದ್ದಾಗ ನಮ್ಮವರು ಕಚೇರಿಯಿಂದ ಹೊತ್ತಿಗೆ ಮುಂಚೆಯೇ ಬಂದು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, “ಸಾವಿತ್ರಿ, ನನ್ನನ್ನು ಓದಲಿಕ್ಕೆ ಕಳಿಸ್ತಾರಂತೆ” ಎಂದರು. ಕಿವಿಯ ಮೇಲೆ ನರೆಗೂದಲು ಬಂದ ಮನುಷ್ಯ. ನಾನು ತಲೆಯೆತ್ತಿ ನೋಡಿದೆ. ಬೀಜ ಹೋಯಿತು. ಆ ವಾರವೆಲ್ಲ ಕಹಿ ಕಾಫಿ ಕುಡಿದೆವು.

ಆ ಓದಿನ ದೆಸೆಯಿಂದ ನಮ್ಮ ಮಾವನವರ ಶ್ರಾದ್ಧವೇ ತಪ್ಪಿಹೋಗುವುದರಲ್ಲಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರೂ ನನ್ನ ಜೊತೆ ಸ್ವಲ್ಪ ಆತಂಕಪಡಲಿ.

ಕೊಡಗು ಮೈಸೂರಿಗೆ ಸೇರಿದ ಮೇಲೆ ಮಡಿಕೇರಿಯ ಕಚೇರಿಗಳಲ್ಲಿ ಆದ ಗೊಂದಲ ನಿಮಗೆ ಗೊತ್ತಿರಬಹುದು. ಇಲ್ಲಿನ ಹಳೆಯ ಫೈಲುಗಳದ್ದು ಒಂದು ಕ್ರಮ, ಮೈಸೂರಿನಿಂದ ಬಂದವುಗಳದ್ದು ಇನ್ನೊಂದು. ಇಬ್ಬರು ಸೊಸೆಯಂದಿರು ಒಂದೇ ಅಡುಗೆಮನೆಗೆ ಬಂದ ಹಾಗೆ. ಸಾಮಾನೆಲ್ಲ ಒಳಗೇ ಇದೆ, ಬೇಕಾದ್ದು ಮಾತ್ರ ಕೈಗೆ ಸಿಗದು. ಇದನ್ನು ಸರಿಪಡಿಸಲು ಡಿಗ್ರಿ ಆದವರಿಗಾಗಿ ಮೈಸೂರಿನಲ್ಲಿ ಒಂದು ವರ್ಷದ ಹೊಸ ಡಿಪ್ಲೊಮಾ ಶುರುವಾಗಿತ್ತಂತೆ. ಅದರ ಹೆಸರು ಹೇಳಲು ನನಗೆ ಮೂರು ದಿನ ಬೇಕಾಯಿತು: ಸಂಸ್ಥೆಗಳಲ್ಲಿ ಮಾಹಿತಿ ವ್ಯವಸ್ಥೆಯ ನಿರ್ವಹಣೆ. “ಹಾಗಂದರೆ ಎಂತದ್ದು?” ಎಂದು ಕೇಳಿದೆ. “ಯಾವ ಸುದ್ದಿ, ಯಾರಿಗೆ, ಯಾವಾಗ ತಲುಪಬೇಕೋ ಆಗ ತಲುಪೋ ಹಾಗೆ ಮಾಡೋದು” ಎಂದರು. ಬೀಜ ಹುರಿಯುವವಳಿಗೆ ಸುದ್ದಿ ಯಾವಾಗ ತಲುಪಬಾರದು ಎನ್ನುವುದನ್ನೂ ಕಲಿಸುತ್ತಾರಾ ಎಂದು ಕೇಳಬೇಕೆನಿಸಿತು. ದೇವರು ದೊಡ್ಡವನು, ಮೈಸೂರಿನಲ್ಲೇ ಓದಿಸಿದ, ಡೆಲ್ಲಿಗೆ ಕಳಿಸಲಿಲ್ಲ.

ಡಿಪ್ಲೊಮಾಕ್ಕೆ ಒಂದು ದೊಡ್ಡ ಪ್ರಬಂಧ ಬರೆಯಬೇಕಿತ್ತು. ಯಾವುದಾದರೊಂದು ಸಂಸ್ಥೆಯನ್ನು ಆರಿಸಿ, ಅದರೊಳಗೆ ಮಾಹಿತಿ ಹೇಗೆ ಓಡಾಡುತ್ತದೆಂದು ನೋಡಿ, ಅದನ್ನು ಸುಧಾರಿಸಿ ತೋರಿಸಬೇಕು. ಇವರ ಮೇಲಧಿಕಾರಿ, “ಕಚೇರಿ ಫೈಲು ಗುಟ್ಟಿನದ್ದು, ಮುಟ್ಟಬೇಡಿ” ಅಂದುಬಿಟ್ಟರು. ಫೈಲು ಹುಡುಕುವುದನ್ನು ಕಲಿಯಲು ಕಳಿಸಿದವರೇ ಫೈಲು ಮುಟ್ಟಬೇಡಿ ಎಂದರೆ ಆ ಮನುಷ್ಯ ಏನು ಮಾಡಬೇಕು? ಬೇಸಿಗೆ ರಜೆಗೆ ಮನೆಗೆ ಬಂದರು, ಅಡುಗೆಮನೆಯನ್ನು ಒಂದು ಸುತ್ತು ನೋಡಿದರು, “ಇದೂ ಒಂದು ಸಂಸ್ಥೆಯೇ” ಎಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಅಡುಗೆಮನೆಯ ಬಗ್ಗೆ ಅವರು ಆಡಿದ ಮೊದಲ ಹೊಗಳಿಕೆ. ಹಿಗ್ಗಿದೆ. ಅದೇ ತಪ್ಪಾಯಿತು.

ಮರುದಿನದಿಂದ ಪ್ರಶ್ನೆಗಳು. ಉಪ್ಪು ಮುಗಿದದ್ದು ನಿನಗೆ ಯಾವಾಗ ತಿಳಿಯುತ್ತದೆ? ಯಾರು ತಿಳಿಸುತ್ತಾರೆ? “ಉಪ್ಪೇ ತಿಳಿಸ್ತದೆ, ಭರಣಿಗೆ ಕೈ ಹಾಕಿದರೆ ಸಿಗುವುದಿಲ್ಲ” ಎಂದೆ. ಅದನ್ನೂ ಬರೆದುಕೊಂಡರು. ಪಕ್ಕದ ಮನೆಯವರು ಕರಿಬೇವು ಕೇಳಿದರೆ ಚೀಟಿ ಬರೆದುಕೊಡಬೇಕು, ಚೀಟಿಗೆ ನಂಬರು ಹಾಕಬೇಕು. ಆಕೆ ಎರಡು ದಿನ ಚೀಟಿ ಕೊಟ್ಟರು, ಮೂರನೆಯ ದಿನ ತಮ್ಮ ಹಿತ್ತಲಲ್ಲೇ ಒಂದು ಕರಿಬೇವಿನ ಸಸಿ ನೆಟ್ಟರು. ನೆರೆಮನೆಯ ಸಂಬಂಧ ಕಡಿಯುವುದಕ್ಕೂ ಒಂದು ಡಿಪ್ಲೊಮಾ ಇದೆಯೆಂದು ಆಗ ತಿಳಿಯಿತು.

ಕಡೆಗೆ ಬಂದದ್ದು ಡಬ್ಬ. ಹಳೆಯ ಬಿಸ್ಕತ್ತಿನ ಡಬ್ಬವೊಂದರಲ್ಲಿ ದಪ್ಪ ಕಾಗದದ ಕಾರ್ಡುಗಳು, ಇಂಗ್ಲಿಷ್ ತಾರೀಖಿನ ಪ್ರಕಾರ ಸಾಲಾಗಿ. ಬೆಳಿಗ್ಗೆ ಎದ್ದು ಮುಂದಿನ ಕಾರ್ಡು ತೆಗೆದರೆ ಆ ದಿನದ ಕೆಲಸ ಅದರಲ್ಲಿರುತ್ತದೆ. ಏಕಾದಶಿ, ಸಂಕಷ್ಟಿ, ಹಬ್ಬಗಳನ್ನೆಲ್ಲ ನಾನು ಹೊಸ ಪಂಚಾಂಗ ನೋಡಿ ಹೇಳಿದೆ, ಅವರು ಬರೆದುಕೊಂಡರು. ಶ್ರಾದ್ಧದ ಕಾರ್ಡನ್ನು ಮಾತ್ರ ಅವರೇ ಆಗಲೇ ಬರೆದಿಟ್ಟಿದ್ದರು. ಮೊಳೆಗೆ ನೇತುಹಾಕಿದ್ದ ಪಂಚಾಂಗವನ್ನು ತೆಗೆದು ಟ್ರಂಕಿನಲ್ಲಿಟ್ಟರು. “ಒಂದೇ ಮಾಹಿತಿ ಎರಡು ಕಡೆ ಇರಬಾರದು ನೋಡು, ಗೊಂದಲವಾಗ್ತದೆ.” ಡಬ್ಬದ್ದೊಂದು ನಕಲನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮೈಸೂರಿಗೆ ಹೋದರು.

ಮೊದಮೊದಲು ಆ ಡಬ್ಬವನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ ನಿಜ ಹೇಳುತ್ತೇನೆ, ತಿಂಗಳೆರಡಾಗುವಷ್ಟರಲ್ಲಿ ಹಾಯೆನಿಸತೊಡಗಿತು. ಏನನ್ನೂ ನೆನಪಿಡಬೇಕಾಗಿಲ್ಲ. ಡಬ್ಬ ಹೇಳುತ್ತದೆ, ನಾನು ಮಾಡುತ್ತೇನೆ. ಸ್ನಾನ ಮಾಡಿ ಮೊದಲು ಪಂಚಾಂಗಕ್ಕೆ ಕೈಮುಗಿಯುತ್ತಿದ್ದವಳಿಗೆ ಆ ಡಬ್ಬಕ್ಕೇ ಅರಿಶಿನ ಕುಂಕುಮ ಹಚ್ಚುವುದೊಂದು ಬಾಕಿಯಿತ್ತು.

ಹೀಗಿರುವಾಗ ಕಾರ್ತಿಕ ಮಾಸದಲ್ಲಿ ಅವರ ಕಾಗದ ಬಂತು. “ಮೌಖಿಕ ಪರೀಕ್ಷೆಗೆ ಯಾವ ದಿನವಾಗಬಹುದು ಎಂದು ಕೇಳಿದರು. ನಕಲು ನೋಡಿ, ಮನೆಯಲ್ಲಿ ಏನೂ ಇಲ್ಲದ ದಿನವನ್ನೇ ಆರಿಸಿದ್ದೇನೆ” ಎಂದು ಬರೆದಿದ್ದರು. ನಾನೂ ಡಬ್ಬ ನೋಡಿದೆ. ಆ ದಿನದ ಕಾರ್ಡು ಖಾಲಿ. ಎಂಥ ಒಳ್ಳೆಯ ವ್ಯವಸ್ಥೆ ಅಂದುಕೊಂಡೆ.

ಪರೀಕ್ಷೆಗೆ ಎರಡು ದಿನ ಇರುವಾಗ ಬೆಳಿಗ್ಗೆ ಶಂಭು ಭಟ್ಟರು ಜಗಲಿಗೆ ಬಂದು ಕೊಡೆ ಒರಗಿಸಿದರು. ನಮ್ಮ ಮನೆಯ ಪುರೋಹಿತರು, ಭಾಗಮಂಡಲದ ಕಡೆಯವರು. ಪ್ರತಿ ವರ್ಷ ವಾರ ಮೊದಲೇ ಬಸ್ಸಿನವರ ಕೈಲಿ ಅವರಿಗೆ ನಾನು ಹೇಳಿಕಳಿಸುವುದು ರೂಢಿ.

“ಏನಮ್ಮಾ, ಈ ಸಲ ಬೇರೆ ಭಟ್ಟರನ್ನು ಗೊತ್ತು ಮಾಡಿಕೊಂಡಿರೋ?” ಎಂದರು.

“ಯಾತಕ್ಕೆ?”

“ಯಾತಕ್ಕೆ ಅಂದರೆ? ಇವತ್ತು ತದಿಗೆ. ನಾಳಿದ್ದು ಬಹುಳ ಪಂಚಮಿ. ನಿಮ್ಮ ಮಾವನವರ ಶ್ರಾದ್ಧ. ಇನ್ನೊಂದು ಮನೆಗೆ ಬಂದಿದ್ದೆ, ಹೇಳಿಕಳಿಸಲಿಲ್ಲವಲ್ಲ ಅಂತ ಕೇಳಿಯೇ ಹೋಗುವ ಅಂತ ಬಂದೆ.”

ನಾನು ಒಳಗೋಡಿ ಡಬ್ಬ ತಂದು ಅವರ ಮುಂದಿಟ್ಟೆ. ಶ್ರಾದ್ಧದ ಕಾರ್ಡು ಪಂಚಮಿಯಿಂದ ಹನ್ನೊಂದು ದಿನ ಆಚೆಗಿತ್ತು. ಭಟ್ಟರು ಅದನ್ನು ಕಣ್ಣಿಗೆ ದೂರ ಹಿಡಿದು ನೋಡಿದರು. “ಇದು ಹೋದ ವರ್ಷದ ತಾರೀಖಲ್ಲವೋ? ತಿಥಿ ಎಲ್ಲಾದರೂ ಇಂಗ್ಲಿಷ್ ತಾರೀಖಿಗೆ ಬರ್ತದಾ ತಾಯಿ?”

ನಮ್ಮವರು ಆ ತಾರೀಖನ್ನು ಎತ್ತಿಕೊಂಡದ್ದು ಹೋದ ವರ್ಷದ ತಮ್ಮ ರಜಾ ಅರ್ಜಿಯಿಂದ. ತಂದೆಯ ಶ್ರಾದ್ಧಕ್ಕೆ ಒಂದು ದಿನದ ರಜೆ, ಮೇಲಧಿಕಾರಿಯ ರುಜು, ಮೊಹರು. ಗುಮಾಸ್ತನ ಜೀವಕ್ಕೆ ಅದಕ್ಕಿಂತ ದೊಡ್ಡ ಪ್ರಮಾಣ ಯಾವುದಿದೆ?

“ತಪ್ಪಿದರೆ ಅಮಾವಾಸ್ಯೆಗೆ ಮಾಡಬಹುದು, ಅದಕ್ಕೂ ಶಾಸ್ತ್ರ ಇದೆ” ಎಂದರು ಭಟ್ಟರು. ಆಮೇಲೆ ಸ್ವಲ್ಪ ಯೋಚಿಸಿ, “ಆದರೆ ಆ ಶಾಸ್ತ್ರವನ್ನು ನಿಮ್ಮ ಅತ್ತೆಗೆ ನೀವೇ ಹೇಳಿ. ನನಗೆ ಧೈರ್ಯ ಇಲ್ಲ” ಎಂದರು.

ಅತ್ತೆ ಆಗ ಶಿರಂಗಾಲದಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದರು. ಅವರಿಗೆ ಯಾವ ಡಬ್ಬವೂ ಬೇಡ, ಚೌತಿಯ ದಿನ ತಾವಾಗಿಯೇ ಬಂದಿಳಿಯುತ್ತಾರೆ. ಮಗ ಪಂಚಮಿಯ ದಿನ ಮೈಸೂರಿನಲ್ಲಿ ಪರೀಕ್ಷೆಗೆ ಕೂತಿರುತ್ತಾನೆ. ಪರೀಕ್ಷೆ ಬಿಟ್ಟರೆ ವರ್ಷದ ಓದು ಮಣ್ಣು. ಶ್ರಾದ್ಧ ಬಿಟ್ಟರೆ ಅತ್ತೆ ಮುಂದಿನ ಪಂಚಮಿಯವರೆಗೂ ನನ್ನ ಮುಖ ನೋಡುವುದಿಲ್ಲ. ಟೆಲಿಗ್ರಾಂ ಕೊಡೋಣವೆಂದರೆ ಅವರ ರೂಮಿನ ವಿಳಾಸ ನನಗೆ ಗೊತ್ತಿಲ್ಲ. ಅವರ ಕಾಗದ, ನನ್ನ ಕಾಗದ, ಚಟ್ನಿಪುಡಿ ಎಲ್ಲ ಬಸ್ಸಿನಲ್ಲೇ, ಅವರು ಊಟ ಮಾಡುವ ಹೋಟೆಲಿನ ಮೂಲಕ ಓಡಾಡುತ್ತಿದ್ದವು; ಆ ಹೋಟೆಲು ಯಾವುದೆಂದು ಬಸ್ಸಿನವರಿಗಷ್ಟೇ ಗೊತ್ತು. ವಿಳಾಸದ ಕಾರ್ಡುಗಳದ್ದೇ ಬೇರೆ ಡಬ್ಬ. ಅದನ್ನು ಪರೀಕ್ಷಕರಿಗೆ ತೋರಿಸಲೆಂದು ಅವರೇ ಒಯ್ದಿದ್ದರು.

ಬಸ್‌ಸ್ಟ್ಯಾಂಡಿಗೆ ಹೋದೆ. ಮಧ್ಯಾಹ್ನದ ಮೈಸೂರು ಬಸ್ಸಿನ ಕಂಡಕ್ಟರು, ಮೊಯ್ದು ಎಂಬವನು, ಬಸ್ಸಿನ ಮೇಲೆ ಗಂಟು ಕಟ್ಟಿಸುತ್ತಿದ್ದ. ನಾನು ಚೀಟಿ ಚಾಚಿದೆ. ಅವನು ಕೈ ಹಿಂದಕ್ಕೆಳೆದುಕೊಂಡ.

“ಚೀಟಿ ಬೇಡಮ್ಮ. ಚೀಟಿ ಆದ್ರೆ ಜೇಬಲ್ಲೇ ಉಳೀತದೆ, ಮತ್ತೆ ಬಟ್ಟೆ ಒಗೆಯುವಾಗ ಸಿಕ್ತದೆ. ಬಾಯಲ್ಲಿ ಹೇಳಿ.”

“ನಾಳಿದ್ದು ಪಂಚಮಿ, ಅಪ್ಪನ ಶ್ರಾದ್ಧ. ನಾಳೆ ಸಂಜೆಯೊಳಗೆ ಮನೆಗೆ ಬರಬೇಕು.”

“ಪಂಚಮಿ, ಅಪ್ಪ, ನಾಳೆ ಸಂಜೆ” ಎಂದು ಬೆರಳು ಮಡಿಚಿದ. “ಪರೀಕ್ಷೆ ಉಂಟಂತೆ ಅಲ್ವಾ ಸಾರ್‌ದು?”

“ನಿನಗೆ ಹೇಗೆ ಗೊತ್ತು?”

“ಹೋಟೆಲಲ್ಲಿ ಹೇಳಿದ್ರು. ನೀವು ಹೋಗಿ, ಉದ್ದು ನೆನೆಹಾಕಿ.”

ಮರುದಿನ ಮಧ್ಯಾಹ್ನ ಅತ್ತೆ ಎಳ್ಳು, ಬಾಳೆಕಾಯಿ, ಕುಡಿಬಾಳೆಲೆಯ ಕಟ್ಟಿನೊಂದಿಗೆ ಇಳಿದು, “ಎಲ್ಲ ತಯಾರಾಗಿದೆಯಲ್ಲ ಸಾವಿತ್ರೀ?” ಎಂದರು. “ಆಗಿದೆ ಅತ್ತೆ” ಎಂದೆ. ನೆನೆಹಾಕಲು ಉದ್ದು ಆರಿಸಿಯಾಗಿತ್ತು, ಭಟ್ಟರಿಗೆ ಹೇಳಿಯಾಗಿತ್ತು. ಶ್ರಾದ್ಧ ಮಾಡುವವರೊಬ್ಬರು ಬಾಕಿ. ಸಂಜೆಯ ದೀಪ ಹಚ್ಚುವ ಹೊತ್ತಿಗೆ ನಮ್ಮವರು ಬ್ಯಾಗು ಹಿಡಿದು ಮೆಟ್ಟಿಲು ಹತ್ತಿ ಬಂದರು. ನಾನು ದೇವರ ಮುಂದೆ ಒಂದು ಬತ್ತಿ ಹೆಚ್ಚಿಗೆ ಹಾಕಿದೆ.

ಶ್ರಾದ್ಧ ಸಾಂಗವಾಗಿ ಆಯಿತು. ಅತ್ತೆಗೆ ಏನೂ ತಿಳಿಯಲಿಲ್ಲ. ಮೈಸೂರಿನಲ್ಲಿ ನಡೆದದ್ದು ಆಮೇಲೆ ನನಗೆ ಗೊತ್ತಾಯಿತು. ಮೊಯ್ದು ಹೋಟೆಲಿನವರಿಗೆ ಹೇಳಿದ. ಹೋಟೆಲಿನವರು ಊಟಕ್ಕೆ ಬಂದ ಇವರಿಗೆ ಎಲೆಯ ಮುಂದೆಯೇ ಹೇಳಿದರು. ಇವರು ಅರ್ಧ ಊಟದಲ್ಲೆದ್ದು ಪರೀಕ್ಷಕರ ಮನೆಗೆ ಓಡಿದರು. ಪರೀಕ್ಷಕರೂ ತಂದೆಯಿಲ್ಲದವರು. ಮರುದಿನ ಬೆಳಿಗ್ಗೆಯೇ ಪರೀಕ್ಷೆ ಇಟ್ಟುಕೊಂಡರಂತೆ. ಪ್ರಬಂಧ ಮುಚ್ಚಿಟ್ಟು ಒಂದೇ ಪ್ರಶ್ನೆ ಕೇಳಿದರಂತೆ: “ಈ ಸುದ್ದಿ ನಿಮಗೆ ತಲುಪಿದ್ದು ಹೇಗೆ?” ನಮ್ಮವರು ಸುಳ್ಳು ಹೇಳುವವರಲ್ಲ. ಎಲ್ಲ ಕೇಳಿ ಅವರು, “ನಿಮ್ಮನ್ನು ಪಾಸು ಮಾಡ್ತೇನೆ. ಆದರೆ ಇದರ ಮೇಲೆ ಒಂದು ಅಧ್ಯಾಯ ಬರೆದು ಸೇರಿಸಿ” ಎಂದರಂತೆ.

ಶ್ರಾದ್ಧದ ಮರುದಿನ ಬೆಳಿಗ್ಗೆ ನಮ್ಮವರು ನೆಲದ ಮೇಲೆ ದೊಡ್ಡ ಕಾಗದ ಹರಡಿ ವೃತ್ತಗಳನ್ನು ಬರೆಯುತ್ತಿದ್ದರು. ಬೈಯಬೇಕೆಂದು ಮೂರು ದಿನದಿಂದ ಕೂಡಿಟ್ಟುಕೊಂಡಿದ್ದ ಮಾತೆಲ್ಲ ನಾಲಿಗೆಯ ತುದಿಯಲ್ಲಿತ್ತು. ಬಗ್ಗಿ ನೋಡಿದೆ. ಒಂದು ವೃತ್ತ ಭಟ್ಟರು, ಒಂದು ಮೊಯ್ದು, ಒಂದು ಹೋಟೆಲು. ನಡುನಡುವೆ ಬಾಣದ ಗುರುತು. ಡಬ್ಬಕ್ಕೂ ಒಂದು ವೃತ್ತ, ಅದನ್ನು ಹೊಡೆದುಹಾಕಿದ ದೊಡ್ಡದೊಂದು ಕಾಟು. ಪಾಪ, ತಮ್ಮ ತಪ್ಪನ್ನು ಮುಚ್ಚಿಟ್ಟಿರಲಿಲ್ಲ. ಡಬ್ಬದ ಪಕ್ಕದಲ್ಲಿ ಚುಕ್ಕೆಗೆರೆಯ ಇನ್ನೊಂದು ವೃತ್ತ, ಅದರಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು.

“ಇದು ಯಾರು?”

“ನೀನು” ಎಂದರು, ತಲೆಯೆತ್ತದೆ.

“ಏನು ಬರೆದಿದ್ದೀರಿ?”

“‘ಪಂಚಾಂಗ ಬಲ್ಲವರು, ಡಬ್ಬ ಬಂದ ಮೇಲೆ ನೋಡಲಿಲ್ಲ.’ ಸುಳ್ಳಾ?”

ಟ್ರಂಕಿಗೆ ಬೀಗವೇನೂ ಇರಲಿಲ್ಲ. ಐದು ತಿಂಗಳಲ್ಲಿ ಒಂದು ಸಲ ಮುಚ್ಚಳ ಎತ್ತಿದ್ದರೆ ಸಾಕಿತ್ತು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಅದೊಂದು ಪುಣ್ಯ. ಹಿತ್ತಲಲ್ಲಿ ಶ್ರಾದ್ಧದ ಹಿತ್ತಾಳೆ ಪಾತ್ರೆಗಳು ರಾಶಿ ಬಿದ್ದಿದ್ದವು. ಹುಣಸೆಹಣ್ಣು ತೆಗೆದುಕೊಂಡು ಹೋಗಿ, ದೊಡ್ಡ ಕೊಳಗದಿಂದಲೇ ತಿಕ್ಕಲು ಶುರುಮಾಡಿದೆ.