ಹಿಡಿಯಬಹುದು, ಹಿಡಿಯಲೇಬೇಕೆಂದಿಲ್ಲ

ನಾಯಿ ಎಡಗಾಲಿಗೆ ಕಚ್ಚಿದ್ದರೆ ಟೈಲರ್ ಸುಮ್ಮನಿದ್ದುಬಿಡುತ್ತಿದ್ದ. ಅದು ಕಚ್ಚಿದ್ದು ಬಲಗಾಲಿಗೆ. ಹೊಲಿಗೆ ಯಂತ್ರದ ಪೆಡಲಿಗೆ ಭಾರ ಕೊಡುವ ಕಾಲು ಅದು. ಮನೆಮಂದಿಯ ಹೊಟ್ಟೆಯೆಲ್ಲ ಆ ಒಂದು ಮೀನಖಂಡದ ಮೇಲೆ ನಿಂತಿತ್ತು.

ಬೆಳಿಗ್ಗೆ ಅಂಗಡಿಯ ಶಟರ್ ಎತ್ತಲು ಬಗ್ಗಿದ್ದ, ಅಷ್ಟೆ. ಬೀದಿಯ ಕಂದು ನಾಯಿ ಹಿಂದಿನಿಂದ ಬಂದು, ಬಟ್ಟೆಯಂಗಡಿಯಲ್ಲಿ ಬಟ್ಟೆಯ ಗುಣ ನೋಡುವವರ ಹಾಗೆ ಒಂದು ಸಲ ಮೂಸಿ, ಹಲ್ಲೂರಿ ಹೊರಟುಹೋಯಿತು. ಬೊಗಳುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಅಂಚೆಯವನನ್ನೂ ಬ್ಯಾಂಕಿನ ಕಾವಲುಗಾರನನ್ನೂ ಕಚ್ಚಿ ಮುಗಿಸಿದ್ದ ಅನುಭವಸ್ಥ ನಾಯಿ ಅದು.

ಹೆಂಡತಿ ಗಾಯವನ್ನು ನಲ್ಲಿಯ ಕೆಳಗೆ ಹಿಡಿಸಿ ಸೋಪು ಹಾಕಿ ತಿಕ್ಕಿದಳು, ಆಸ್ಪತ್ರೆಗೆ ಕರೆದೊಯ್ದು ಇಂಜೆಕ್ಷನ್ ಕೊಡಿಸಿ ಕರೆತಂದಳು. ಟೈಲರಿಗೆ ಮಲಗಿದರೆ ಸಾಕಾಗಿತ್ತು. ಆದರೆ ಮನೆಯ ಮೆಟ್ಟಿಲ ಮೇಲೆ ಕೋರ್ಟು ಮಾವ ಕೂತಿದ್ದರು. ಪಕ್ಕದ ಮನೆಯವರು, ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು; ಬೀದಿಗೆಲ್ಲ ಅವರು ಮಾವ. ಜೀವನವಿಡೀ ತೀರ್ಪುಗಳನ್ನು ಟೈಪು ಮಾಡಿ ಮಾಡಿ, ಅವನ್ನು ಕೊಟ್ಟವರೂ ತಾವೇ ಎಂಬ ನಂಬಿಕೆ ಬಂದುಬಿಟ್ಟಿತ್ತು.

"ನಗರಸಭೆ ಮೇಲೆ ಕೇಸ್ ಹಾಕಯ್ಯ," ಅಂದರು.

"ಮಾವ, ನಂಗೆ ಸ್ವಲ್ಪ ಮಲಗಬೇಕು."

"ನೀನು ಮಲಗು. ನಾಳೆ ಆ ನಾಯಿ ಯಾವುದೋ ಮಗೂನ ಕಚ್ಚತ್ತೆ. ಆಗ್ಲೂ ಮಲಗಿರು."

ಎದುರುಮನೆಯಾಕೆ ಮಹಡಿಯಿಂದಲೇ ದನಿಗೂಡಿಸಿದಳು: "ಹೌದು ಟೈಲರಣ್ಣ, ಯಾರಾದ್ರೂ ಒಬ್ರು ಹೋಗ್ಲೇಬೇಕು." ಆ 'ಯಾರಾದ್ರೂ ಒಬ್ರು' ಎಂದರೆ ಯಾರೆಂದು ಬೀದಿಗೆಲ್ಲ ಗೊತ್ತಿತ್ತು. ಟೈಲರ್ ನಿಟ್ಟುಸಿರು ಬಿಟ್ಟು ಚಪ್ಪಲಿ ಮೆಟ್ಟಿದ.

ನಗರಸಭೆಯಲ್ಲಿ ಲಿಫ್ಟು ಕೆಟ್ಟಿತ್ತು. ಆರೋಗ್ಯ ವಿಭಾಗ ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿತ್ತು. ಹತ್ತಿ ಬಂದವನು ಆರೋಗ್ಯವಂತನೇ ಇರಬೇಕು ಎಂಬ ಲೆಕ್ಕಾಚಾರವಿದ್ದೀತು. ಅಲ್ಲಿಂದ ಕಸದ ವಿಭಾಗಕ್ಕೆ ಇಳಿಸಿದರು, ಕಸದವರು ಮತ್ತೆ ಹತ್ತಿಸಿದರು. ಮಾವ ಕೈಯಲ್ಲಿ ಕೊಡೆ ಹಿಡಿದು ಮುಂದೆ ಮುಂದೆ, ಟೈಲರ್ ಗೋಡೆ ಹಿಡಿದು ಹಿಂದೆ ಹಿಂದೆ. ಕೊನೆಗೆ ಸಿಕ್ಕ ಅಧಿಕಾರಿ ಒಳ್ಳೆಯವರು. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಗಾಯ ನೋಡಿ ಮುಖ ಕಿವುಚಿದರು.

"ಆದ್ರೆ ನಮ್ಮ ಮೇಲೆ ಕೇಸ್ ಹಾಕೋಕಾಗಲ್ಲ ಸ್ವಾಮಿ," ಅಂದರು.

ಮಾವ ನೆಟ್ಟಗಾದರು. "ನಾಯಿ ಹಿಡಿಯೋದು ನಿಮ್ಮ ಕೆಲಸ ಅಲ್ವಾ?"

"ಅಪಾಯದ ನಾಯಿಯನ್ನ ನಗರಸಭೆ ಹಿಡಿಯಬಹುದು ಅಂತಿದೆ ಕಾನೂನಲ್ಲಿ. ಹಿಡಿಯಲೇಬೇಕು ಅಂತಿಲ್ಲ. ಬಹುದು ಅಂದ್ಮೇಲೆ ಬಿಡಬಹುದು ಅಂತಾನೂ ಆಯ್ತು. ಬಿಟ್ಟಿದ್ದಕ್ಕೆ ಕೋರ್ಟಿಗೆ ಎಳೀಬಾರದು ಅಂತ ನಮಗೆ ರಕ್ಷಣೆ ಕೊಟ್ಟಿದಾರೆ."

"ನಮಗೆ?" ಟೈಲರ್ ಕೇಳಿದ.

"ನಿಮಗೆ ಇಂಜೆಕ್ಷನ್ ಇದೆಯಲ್ಲ."

ಅವರು ಚೇಷ್ಟೆ ಮಾಡುತ್ತಿರಲಿಲ್ಲ. ಬೆಳಗಿನಿಂದ ಇದನ್ನೇ ಹೇಳಿ ಹೇಳಿ ಅವರ ಗಂಟಲೂ ಸೋತಿತ್ತು. "ನಾಯಿ ಹಿಡಿಯೋ ವ್ಯಾನ್ ರಿಪೇರಿಗೆ ಹೋಗಿದೆ. ಯಾವಾಗ ಬರತ್ತೋ ಹೇಳೋಕಾಗಲ್ಲ," ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಬೀದಿಯ ತಿರುವಿನಲ್ಲಿ ಮಾವ, "ಆ ಕಾಯಿದೆ ನಮ್ಮ ಕಾಲದಲ್ಲಿ ಹೀಗಿರಲಿಲ್ಲ," ಅಂದರು.

ಅಷ್ಟರಲ್ಲಿ ಕಿರುಚಾಟ ಕೇಳಿಸಿತು. ಶಾಲೆಯಿಂದ ಬರುತ್ತಿದ್ದ ಇಬ್ಬರು ಪುಟ್ಟ ಹುಡುಗಿಯರನ್ನು ಕಂದು ನಾಯಿ ಟೈಲರನ ಅಂಗಡಿಯ ಗೋಡೆಗೆ ಒತ್ತರಿಸಿ ನಿಂತಿತ್ತು. ಮಹಡಿಗಳ ತುಂಬ ಜನ, ಜನರ ಬಾಯಿ ತುಂಬ ಸಲಹೆ. "ಓಡಬೇಡಿ," ಅಂದರು ಒಬ್ಬರು. "ಓಡಿ," ಅಂದರು ಇನ್ನೊಬ್ಬರು. ಕೆಳಗಿಳಿದವರು ಮಾತ್ರ ಒಬ್ಬರೂ ಇಲ್ಲ.

ಹೆದರಲು ಬೇಕಾದ ಶಕ್ತಿಯೂ ಟೈಲರನಲ್ಲಿ ಉಳಿದಿರಲಿಲ್ಲ. ಶಟರ್ ಎತ್ತಿ ಅಂಗಡಿಗೆ ನುಗ್ಗಿ, ಕೋಟಿಗೆಂದು ಯಾರೋ ಕೊಟ್ಟಿದ್ದ ದಪ್ಪ ಉಣ್ಣೆ ಬಟ್ಟೆಯನ್ನು ಎಳೆದುಕೊಂಡು ಬಂದು ನಾಯಿಯ ತಲೆಯ ಮೇಲೆ ಕವುಚಿ, ಮೂಟೆಯಂತೆ ಅಪ್ಪಿಕೊಂಡ. ಗುರುಗುಟ್ಟುವ ಮೂಟೆಯನ್ನು ಕುಂಟುತ್ತಲೇ ಹೊತ್ತು ಮನೆಯ ಹಿತ್ತಲಿಗೆ ಎಸೆದು ಚಿಲಕ ಹಾಕಿದ. ಹುಡುಗಿಯರು ಅಳುತ್ತ ಮನೆಗೆ ಓಡಿದರು. ಮಹಡಿಗಳಿಂದ ಚಪ್ಪಾಳೆ ಬಿತ್ತು. ಅಷ್ಟು ವರ್ಷ ಆ ಬೀದಿಯವರು ಅವನನ್ನು ಕರೆದದ್ದು ಅಂಗಿಯ ಗುಂಡಿ ಬಿದ್ದಾಗ ಮಾತ್ರ. ಅವನ ಕಣ್ಣು ಸ್ವಲ್ಪ ಒದ್ದೆಯಾಯಿತು.

"ಬೀದೀಲಿ ಹೋಗೋ ಮಾರೀನ ಮನೆಗೆ ಕರ್ಕೊಂಡು ಬಂದ್ರಿ," ಅಂದಳು ಹೆಂಡತಿ. ಆದರೂ ನೀರು ತಂದುಕೊಟ್ಟಳು.

ಕೋರ್ಟು ಮಾವನಿಗೆ ಮತ್ತೆ ಜೀವ ಬಂದಿತ್ತು. "ಹಲ್ಲಿನದೊಂದು ಫೋಟೋ ತೆಗೀತೀನಿ. ಮೇಲಿನ ಕೋರ್ಟಿಗೆ ಹೋಗೋಣ."

"ಬೇಡ ಮಾವ, ಅದು ಈಗ ಸಿಟ್ಟಲ್ಲಿದೆ."

"ಸಾಕ್ಷಿ ಸಿಟ್ಟಲ್ಲೇ ಇರಬೇಕು," ಎನ್ನುತ್ತ ಮಾವ ಚಿಲಕ ತೆಗೆದರು. ಮರುಕ್ಷಣ ಹಿತ್ತಲಿನಿಂದ ಬಂದ ಕೂಗು ನಾಯಿಯದಲ್ಲ.

ಹಿತ್ತಲ ಚಿಲಕ ಮತ್ತೆ ಹಾಕಿ ಆಸ್ಪತ್ರೆಗೆ ಹೋದರೆ, ಅಲ್ಲಿನವರು ಟೈಲರನ್ನು ನೋಡಿ, "ಮತ್ತೆ ನೀವೇನಾ?" ಅಂದರು. ಟೈಲರ್ ಮಾವನ ಅಂಗೈಗೆ ಪಟ್ಟಿ ಕಟ್ಟಿಸಿ, ಆಟೋದಲ್ಲಿ ಕರೆತಂದು, ತನ್ನ ಮನೆಯ ಕುರ್ಚಿಯಲ್ಲೇ ಕೂರಿಸಿದ. ಮಾವನ ಮುಖದಲ್ಲಿ ನಿಜವಾದ ದುಃಖವಿತ್ತು.

"ಬೇಜಾರು ಮಾಡ್ಕೋಬೇಡಪ್ಪ. ಬೆಳಿಗ್ಗೆ ಇದು ಬೀದಿ ನಾಯಿ. ಕಚ್ಚಿದ್ರೆ ಕೇಳೋರಿಲ್ಲ. ಈಗ ನಿನ್ನ ಹಿತ್ತಲ ನಾಯಿ. ಇಟ್ಕೊಂಡವನೇ ಹೊಣೆ. ನಗರಸಭೆಗೆ ರಕ್ಷಣೆ ಇದೆ, ನಿನಗಿಲ್ಲ. ನಾಳೆ ನೋಟಿಸ್ ಕಳಿಸ್ತೀನಿ."

"ಮಾವ, ನಿಮ್ಮ ಜೊತೆ ಇಡೀ ದಿನ ಮೆಟ್ಟಿಲು ಹತ್ತಿದೀನಿ."

"ಅದಕ್ಕೇ ಮುಖತಃ ಹೇಳ್ತಿದೀನಿ. ಬೇರೆಯವರಾಗಿದ್ರೆ ಹೇಳ್ತಾನೂ ಇರ್ಲಿಲ್ಲ."

ಟೈಲರ್ ಮೆಲ್ಲಗೆ ಎದ್ದ. "ಹಾಗಾದ್ರೆ ಈಗ್ಲೇ ಬಿಟ್ಬಿಡ್ತೀನಿ."

"ಗೊತ್ತಿದ್ದೂ ಕಚ್ಚೋ ನಾಯೀನ ಬೀದಿಗೆ ಬಿಟ್ಟ ಅಂತ ಅದು ಬೇರೆ ಕೇಸು."

ಟೈಲರ್ ಕೂತ. ಹಿತ್ತಲಿನಿಂದ ನಾಯಿ ದೀರ್ಘವಾಗಿ ಊಳಿಟ್ಟಿತು. ಹೆಂಡತಿ ಬಡಿಸಿ ತಂದಿದ್ದ ತಟ್ಟೆ ಅವನ ಮುಂದೆ ಹಾಗೇ ಇತ್ತು. ಬೆಳಗಿನಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಒಂದು ತುತ್ತು ಕಲಸಿದ.

"ಅದಕ್ಕೂ ಹಸಿವಾಗಿದೆ ಅಂತ ಕಾಣತ್ತೆ," ಅಂದರು ಮಾವ. "ಉಪವಾಸ ಕೆಡವಿದ್ರೆ ಪ್ರಾಣಿಹಿಂಸೆ ಆಗತ್ತೆ, ನೋಡ್ಕೋ."

ಟೈಲರ್ ತುತ್ತನ್ನು ತಟ್ಟೆಗೇ ಬಿಟ್ಟು, ತಟ್ಟೆ ಎತ್ತಿಕೊಂಡು, ಎಡಗಾಲನ್ನು ಮುಂದೆ ಇಡುತ್ತ ಹಿತ್ತಲ ಕಡೆಗೆ ನಡೆದ.